ಜೇಬಿನೊಳಗೆ ಉಳಿದ ಮಾತು

ಮೊನ್ನೆ ಮಧ್ಯಾಹ್ನ ನನ್ನ ಫೋನು ನನಗೊಂದು ನೋಟೀಸು ಜಾರಿ ಮಾಡಿತು. ತನ್ನ ಒಡಲಲ್ಲಿ ಇನ್ನು ಸ್ಥಳವಿಲ್ಲವೆಂದೂ, ಹಳೆಯದನ್ನು ಅಳಿಸಿದ ಹೊರತು ಹೊಸದನ್ನು ಇರಿಸಿಕೊಳ್ಳಲಾರೆನೆಂದೂ ಅದರ ತಾತ್ಪರ್ಯ. ಹೊಟ್ಟೆ ತುಂಬಿದೆ, ಸಾಕು ಎಂದು ತಾನಾಗಿಯೇ ಹೇಳುವವರನ್ನು ನಾನು ಮದುವೆಯ ಪಂಕ್ತಿಗಳಲ್ಲಿ ಕಂಡದ್ದು ಕಡಿಮೆ. ಯಂತ್ರವೊಂದರಲ್ಲಿ ಆ ಪ್ರಾಮಾಣಿಕತೆಯನ್ನು ಕಂಡು ಸಂತೋಷವೇ ಆಯಿತು. ಊಟವಾಗಿತ್ತು. ಪಡಸಾಲೆಯ ಹೊರಸಿನ ಮೇಲೆ ಅಡ್ಡಾಗಿದ್ದೆ. ಆಷಾಢದ ಗಾಳಿ ಅಕ್ಕೋಳದ ಹಂಚಿನ ಮಾಡುಗಳ ಮೇಲೆ ಕೈಯಾಡಿಸುತ್ತ ಕಬ್ಬಿನ ಹೊಲಗಳ ಕಡೆಗೆ ಹೋಗಿ, ಏನನ್ನೋ ಮರೆತು ಬಂದವರಂತೆ ಮತ್ತೆ ಹಿಂತಿರುಗುತ್ತಿತ್ತು. ಇಂಥ ಹೊತ್ತಿನಲ್ಲಿ ನಿದ್ದೆಗೂ ಎಚ್ಚರಕ್ಕೂ ನಡುವೆ ಹಳೆಯ ಧೋತರದಷ್ಟು ತೆಳುವಾದ ಪರದೆಯೊಂದೇ ಇರುತ್ತದೆ.

ಫೋನಿನ ಹೊಟ್ಟೆ ತುಂಬಿದ್ದು ಮಾತಿನಿಂದ. ನನಗೆ ಬಂದ ಕರೆಗಳನ್ನೂ ನಾನು ಮಾಡಿದ ಕರೆಗಳನ್ನೂ ಅದು ಕೆಲವು ವರ್ಷಗಳಿಂದ ತಾನೇ ಮುದ್ರಿಸಿ ಇಟ್ಟುಕೊಳ್ಳುತ್ತ ಬಂದಿದೆ. ಅಳಿಸುವ ಮೊದಲು ಒಮ್ಮೆ ಕೇಳಿಬಿಡೋಣವೆಂದು ಕನ್ನಡಕ ಹಾಕಿಕೊಂಡವನ ಕಣ್ಣಿಗೆ ಮೊದಲು ಬಿದ್ದದ್ದು ಸುಶೀಲೆಯ ಹೆಸರು. ಸುಶೀಲೆ ನನ್ನ ಹೆಂಡತಿ ಚಂಪಾಳ ತಂಗಿ. ಕಾಗವಾಡ ತಾಲೂಕಿನ ಜುಗೂಳದಲ್ಲಿ, ಕೃಷ್ಣೆಯ ದಂಡೆಗೆ ಹತ್ತಿದ ಮನೆಯಲ್ಲಿ ಇರುವವಳು. ಹೋದ ಆಷಾಢದ ತನಕ ಅವಳ ಕರೆಗಳು ಬಳ್ಳಿಗೆ ಬಿಟ್ಟ ಕಾಯಿಗಳಂತೆ ಒಂದರ ಬೆನ್ನಿಗೆ ಒಂದು ಇವೆ; ಅಲ್ಲಿಂದೀಚೆಗೆ ಚಂಪಾ ತಾನಾಗಿ ಮಾಡಿದ ಒಂದೆರಡು ತುಂಡು ಕರೆಗಳ ಹೊರತು ಒಂದೂ ಇಲ್ಲ. ಅಕ್ಕ ತಂಗಿಯರು ಮಾತು ಬಿಟ್ಟು ವರ್ಷವಾಗುತ್ತ ಬಂದಿತ್ತು. ಈ ವರ್ಷ ಘಟ್ಟದಲ್ಲಿ ಮತ್ತೆ ಮಳೆ ಹಿಡಿದಿತ್ತು. ಹೊಳೆ ಏರುತ್ತಿದೆಯೆಂಬ ಸುದ್ದಿ ಬಸ್ಸಿನಲ್ಲಿ ಬಂದವರ ಬಾಯಲ್ಲೆಲ್ಲ ಇತ್ತು. ಚಂಪಾ ಮತ್ತೆ ಮತ್ತೆ ಬಾಗಿಲಿಗೆ ಬಂದು ಜುಗೂಳದ ದಿಕ್ಕಿಗೆ ನೋಡಿ ಒಳಗೆ ಹೋಗುತ್ತಿದ್ದಳು. ಫೋನನ್ನು ಮಾತ್ರ ಕೇಳುತ್ತಿರಲಿಲ್ಲ. ಅವಳಿಗೆ ಬೇರೆ ಫೋನಿಲ್ಲ. ಇರುವುದೊಂದು ನನ್ನದು, ಅದು ನನ್ನ ಅಂಗಿಯ ಜೇಬಿನಲ್ಲಿ ಇರುತ್ತದೆ.

ಮಾತನ್ನು ಕೂಡಿಡುವ ಈ ಚಟ ಈ ವಯಸ್ಸಿನಲ್ಲಿ ಏಕೆ ಬಂತು ಎಂದು ನೀವು ಕೇಳಬಹುದು. ನಾನು ಶಾಲೆ ಬಿಟ್ಟದ್ದು ಬೇಗ. ಆದರೆ ಶಾಲೆ ನನ್ನನ್ನು ಬಿಡುವ ಮೊದಲು ಅಲ್ಲಿ ಒಂದು ಪ್ರಶ್ನೆ ಕೇಳಿದ್ದೆ. ನಮ್ಮ ಕಡೆ ಹಳೆಯ ಕಲ್ಲು, ಹಳೆಯ ಬಾವಿ, ಹಳೆಯ ಗುಡಿ ಯಾವುದು ಕಂಡರೂ ಪಾಂಡವರು ಒಂದು ರಾತ್ರಿಯಲ್ಲಿ ಕಟ್ಟಿದ್ದು ಎನ್ನುತ್ತಾರೆ. ಮಾಸ್ತರರೂ ಹಾಗೆಯೇ ಹೇಳಿದರು. ವನವಾಸಕ್ಕೆ ಬಂದವರಿಗೆ ಗೌಂಡಿ ಕೆಲಸದ ಹೊರತು ಬೇರೆ ಉದ್ಯೋಗವೇ ಇರಲಿಲ್ಲವೇನ್ರಿ ಎಂದು ಕೇಳಿದೆ. ಅವರು ಉತ್ತರವನ್ನು ನನ್ನ ಕಿವಿಯ ಮೂಲಕವೇ ಕೊಟ್ಟರು, ಆದರೆ ಮಾತಿನಿಂದಲ್ಲ. ಆ ಕಿವಿ ಇಂದಿಗೂ ಸ್ವಲ್ಪ ಹೊರಚಾಚಿದೆ. ಆಮೇಲೆ ನಾನು ಓದಿದ್ದೆಲ್ಲ ನಿಪ್ಪಾಣಿಯಲ್ಲಿ ತಂಬಾಕು ಕೂಡಿಡುವ ವಖಾರಿಗಳಲ್ಲಿ, ಪೆಂಡಿ ಕಟ್ಟಲು ತಂದ ರದ್ದಿ ಪತ್ರಿಕೆಗಳಲ್ಲಿ. ಅವುಗಳಲ್ಲಿ ಕನ್ನಡವೂ ಇರುತ್ತಿತ್ತು, ಮರಾಠಿಯೂ ಇರುತ್ತಿತ್ತು. ಒಂದೇ ಸುದ್ದಿಯನ್ನು ಎರಡು ಭಾಷೆಗಳಲ್ಲಿ ಎರಡು ರೀತಿಯಾಗಿ ಓದುತ್ತ, ನಡುನಡುವೆ ತಂಬಾಕಿನ ಘಾಟಿಗೆ ಸೀನುತ್ತ, ಹೇಳಿದ್ದೆಲ್ಲ ನಡೆದದ್ದಲ್ಲ ಎಂಬ ಒಂದೇ ಪಾಠವನ್ನು ಗಟ್ಟಿಮಾಡಿಕೊಂಡೆ. ಸೀನಿಗೂ ಸಂಶಯಕ್ಕೂ ನನ್ನೊಳಗೆ ಅಂದಿನಿಂದ ಒಂದು ನಂಟು.

ಆ ವಖಾರಿಗಳ ಪೈಕಿ ಒಂದರಲ್ಲಿ ಫೋನಿತ್ತು. ಕಪ್ಪಗೆ, ದುಂಡಗೆ, ಮರದ ಪೆಟ್ಟಿಗೆಯೊಳಗೆ ಬೀಗ ಹಾಕಿಸಿಕೊಂಡು ಕುಳಿತಿರುತ್ತಿತ್ತು. ಒಂದು ದಿನ ಅದರಲ್ಲಿ ನನ್ನ ತಂದೆಗೆ ಕರೆ ಬರುವುದಿದೆಯೆಂದು ಸುದ್ದಿ ಬಂತು. ಮಿರಜಿನಲ್ಲಿದ್ದ ನನ್ನ ಕಾಕಾ ಮಾತನಾಡುವವನಿದ್ದ. ತಂದೆ ಅರ್ಧ ದಿನ ಕಾದು ಕುಳಿತರು. ಗಂಟೆ ಬಾರಿಸಿದಾಗ ಚಪ್ಪಲಿ ಬಿಟ್ಟು, ರುಮಾಲು ಸರಿಮಾಡಿಕೊಂಡು, ಮೊದಲು ಯಂತ್ರಕ್ಕೆ ಕೈಮುಗಿದು, ಆಮೇಲೆ ಕಿವಿಗೆ ಹಚ್ಚಿದರು. ಮಿರಜಿಗೆ ಮುಟ್ಟಬೇಕಲ್ಲ ಎಂದು ಅವರು ಕೂಗಿದ ಕೂಗಿಗೆ ವಖಾರಿಯ ಪಾರಿವಾಳಗಳು ಹಾರಿಹೋದವು. ಮನೆಗೆ ಬಂದ ಮೇಲೆ ಎಲ್ಲರೂ ಸುತ್ತುವರಿದು ಕೇಳಿದರು, ಏನಂದ? ತಂದೆ ಅವ್ವನಿಗೆ ಎಲ್ಲರೂ ಆರಾಮ ಇದ್ದಾರಂತೆ ಎಂದರು. ಅಜ್ಜಿಗೆ ಅಲ್ಲಿ ಮಳೆ ಚೆನ್ನಾಗಿದೆಯಂತೆ ಎಂದರು. ಮಗ್ಗುಲ ಮನೆಯವರಿಗೆ ದೀಪಾವಳಿಗೆ ಬರುತ್ತಾನಂತೆ ಎಂದರು. ನಾನು ಬಿಡಲಿಲ್ಲ. ಇವುಗಳಲ್ಲಿ ಯಾವುದು ಖರೆ ಎಂದು ಬೆನ್ನು ಹತ್ತಿದೆ. ಕೊನೆಗೆ ಅವರು ನನ್ನ ಮೇಲೆ ರೇಗಿಬಿಟ್ಟರು.

“ಮಾತ ಯಾರ ಕೇಳ್ತಾರಲೇ? ಧ್ವನಿ ಅವಂದ ಇತ್ತ! ಡಬ್ಬ್ಯಾಗ ಅವಂದ ಧ್ವನಿ ಇತ್ತ!”

ಅವರ ಮುಖದಲ್ಲಿ ಆಗ ಇದ್ದ ಬೆಳಕು ಇಂದಿಗೂ ಕಾಣುತ್ತದೆ. ಕಾಕಾ ಏನು ಹೇಳಿದನೆಂಬುದು ಮಾತ್ರ ನಮ್ಮ ಮನೆತನದ ಇತಿಹಾಸದಲ್ಲಿ ಕಾಯಮಾಗಿ ಖಾಲಿ ಉಳಿಯಿತು.

ಆ ದಿನಗಳಲ್ಲಿ ಚಿಕ್ಕೋಡಿಯ ರಸ್ತೆಗುಂಟ ತಂತಿಯ ಕಂಬಗಳಿದ್ದವು. ಎಮ್ಮೆ ಮೇಯಿಸಲು ಹೋದ ನಾವು ಹುಡುಗರು ಸರದಿಯಂತೆ ಕಂಬಕ್ಕೆ ಕಿವಿ ಹಚ್ಚಿ ನಿಲ್ಲುತ್ತಿದ್ದೆವು. ಒಳಗೆ ಒಂದು ಗುಂಯ್ ಎಂಬ ನಾದ. ಅದು ಗಾಳಿಯ ಸದ್ದೆಂದು ಆಮೇಲೆ ಓದಿ ತಿಳಿದುಕೊಂಡೆ. ಆದರೆ ಆಗ ನಮಗೆ ಅದು ಊರಿಂದೂರಿಗೆ ಹೋಗುವ ಜನರ ಮಾತುಗಳು, ಒಂದರ ಮೇಲೊಂದು ಬಿದ್ದು, ಅರೆದು, ಹಿಟ್ಟಾಗಿ ಹರಿಯುವ ಸದ್ದು. ಕಣ್ಣು ಮುಚ್ಚಿದರೆ ಯಾರೋ ಯಾರಿಗೋ ಏನೋ ಹೇಳುತ್ತಿದ್ದಾರೆ. ಅದು ನಮಗಲ್ಲ, ಆದರೆ ನಮ್ಮ ಕಿವಿಯ ಪಕ್ಕದಿಂದಲೇ ಹೋಗುತ್ತಿದೆ. ಎಮ್ಮೆಗಳು ಪರರ ಹೊಲಕ್ಕೆ ನುಗ್ಗಿ ಆ ಹೊಲದವರು ಕೂಗುವವರೆಗೂ ನಾನು ಕಂಬ ಬಿಡುತ್ತಿರಲಿಲ್ಲ.

ಈಗಿನ ಫೋನು ತಂದದ್ದಕ್ಕೂ ಒಂದು ಕಾರಣವಿದೆ. ಕಚೇರಿಯೊಂದರವರು ಸೋಮವಾರ ಬನ್ನಿ ಎಂದು ಫೋನಿನಲ್ಲಿ ಹೇಳಿ, ಹೋದಾಗ ನಾವು ಹಾಗೆ ಹೇಳಿಯೇ ಇಲ್ಲ ಎಂದರು. ಅವರು ಹೇಳಿದ್ದು ನನಗೆ ಗೊತ್ತು. ಹೇಳಿಲ್ಲವೆಂಬುದು ಅವರಿಗೆ ಗೊತ್ತು. ಎರಡು ಗೊತ್ತುಗಳ ನಡುವೆ ನಿಂತು ವಾದಿಸುವಷ್ಟು ಆಯುಷ್ಯ ಉಳಿದಿಲ್ಲವೆನ್ನಿಸಿ, ನಿಪ್ಪಾಣಿಗೆ ಹೋಗಿ ಮಾತನ್ನು ಹಿಡಿದಿಡುವ ಫೋನೊಂದನ್ನು ಕೇಳಿ ಕೊಂಡುತಂದೆ. ಆದರೆ ಕದ್ದು ಹಿಡಿಯುವುದು ನನ್ನ ಸ್ವಭಾವವಲ್ಲ. ಯಾರು ಮಾತನಾಡಿದರೂ ಮೊದಲು ಹೇಳಿಬಿಡುತ್ತಿದ್ದೆ: “ನಮ್ಮ ಫೋನಿನ್ಯಾಗ ಮಾತ ಕೂಡ್ತಾವ್ರಿ. ನೋಡ್ಕೊಂಡ ಮಾತಾಡ್ರಿ.”

ಇದರ ಪರಿಣಾಮ ವಿಚಿತ್ರವಾಯಿತು. ರಾಯಬಾಗದಲ್ಲಿರುವ ನನ್ನ ಕಾಕಾನ ಮಗ, ಹುಟ್ಟಿದಾಗಿನಿಂದ ನನ್ನನ್ನು ಲೇ ಎಂದೇ ಕರೆದವನು, ಇದನ್ನು ಕೇಳಿದ ಕೂಡಲೇ ಕೆಮ್ಮಿ ಗಂಟಲು ಸರಿಮಾಡಿಕೊಂಡು, “ಪೂಜ್ಯ ಅಣ್ಣನವರಿಗೆ ನಮಸ್ಕಾರಗಳು. ನಾವೆಲ್ಲರೂ ಕ್ಷೇಮದಿಂದ ಇರುತ್ತೇವೆ,” ಎಂದು ಆರಂಭಿಸಿದ. ಅವನ ಈ ಗ್ರಾಂಥಿಕ ಕನ್ನಡ ಬಹಳ ಹೊತ್ತು ನಿಲ್ಲಲಿಲ್ಲ. “ನಮ್ಮ ಕಬ್ಬಿನ ಬೆಳೆಯು ಅತ್ಯಂತ ಉತ್ತಮವಾಗಿ... ಲೇ ಹುಚ್ಚಪ್ಪಾ, ಟ್ಯಾಕ್ಟರ್ ಹಿಂದ ತಗೀಲೇ, ಗಟಾರದಾಗ ಹೊಂಟೈತಿ!” ಎರಡು ವಾಕ್ಯಗಳೂ ನನ್ನ ಬಳಿ ಸುರಕ್ಷಿತವಾಗಿವೆ.

ಅಥಣಿಯ ಅಣ್ಣಾಸಾಬನದು ಇನ್ನೊಂದು ಕಥೆ. ಗೆಳೆಯ, ದ್ರಾಕ್ಷಿ ತೋಟವುಳ್ಳವನು, ಮಳೆಯ ಭವಿಷ್ಯ ನುಡಿಯುವ ಚಟವುಳ್ಳವನು. ಈ ವಾರ ಮಳೆ ಬರುವುದೇ ಇಲ್ಲವೆಂದು ಫೋನಿನಲ್ಲಿ ಆಣೆ ಮಾಡಿ ಹೇಳಿದ. ವಾರ ಮುಗಿಯುವ ಮೊದಲೇ ಮಳೆ ಸುರಿಯಿತು. ಅವನ ಮನೆಗೆ ಹೋದಾಗ, “ನಾ ಹೇಳಿರಲಿಲ್ಲೇನಲೇ, ಮಳಿ ಬಂದ ಬರ್ತೈತಿ ಅಂತ?” ಎಂದು ನನ್ನನ್ನೇ ಕೇಳಿದ. ನಾನು ಫೋನು ತೆಗೆದು ಅವನ ಹಳೆಯ ಮಾತನ್ನು ಹಚ್ಚಿದೆ. ಅಣ್ಣಾಸಾಬ ತಲೆ ಓರೆಮಾಡಿ ಕೊನೆಯವರೆಗೆ ಕೇಳಿದ.

“ಇಂವ ಯಾರಲೇ?”

“ನೀನ.”

“ಹೋಗಲೇ! ನನ್ನ ಧ್ವನಿ ಹಿಂಗ ಕೀರಲ ಇಲ್ಲ. ಯಾವನ್ನೋ ಕುಂಡ್ರಿಸಿ ಮಾತಾಡ್ಸೀದಿ ನೀ.”

ಒಳಗಿನಿಂದ ಅವನ ಹೆಂಡತಿಯ ಮಾತು ಬಂತು: “ಅವರ್ದ ಐತ್ರಿ ಅಣ್ಣಾ. ಮನ್ಯಾಗ ಹಿಂಗ ಒದರ್ತಾರ.”

ನಾನು ನಕ್ಕೆ. ಆದರೆ ನನ್ನ ಧ್ವನಿಯನ್ನು ಮೊದಲ ಸಲ ಕೇಳಿದಾಗ ನಾನೂ ಅಣ್ಣಾಸಾಬನೇ ಆಗಿದ್ದೆ. ಎದುರಿನವರು ಏನೋ ಹೇಳುತ್ತಿರುತ್ತಾರೆ. ಈ ಮುದುಕ ಹಾಂ, ಹಾಂ, ಹೌದು ಎನ್ನುತ್ತ ಹೋಗುತ್ತಾನೆ, ಹೌದು ಎನ್ನಬಾರದಲ್ಲಿಯೂ ಎನ್ನುತ್ತಾನೆ. ಅವನು ಕೇಳುತ್ತಿಲ್ಲ, ತನ್ನ ಮುಂದಿನ ವಾಕ್ಯವನ್ನು ಕಟ್ಟುತ್ತಿದ್ದಾನೆ. ವಾಕ್ಯ ಚೆನ್ನಾಗಿಯೇ ಕಟ್ಟುತ್ತಾನೆ, ಅದನ್ನು ಒಪ್ಪಬೇಕು.

ಬರಬರುತ್ತ ನಾನು ಮಾತಿಗಾಗಿ ಕೇಳುವುದನ್ನು ಬಿಟ್ಟು, ಮಾತಿನ ಹಿಂದಿರುವುದಕ್ಕಾಗಿ ಕೇಳತೊಡಗಿದೆ. ಮಧ್ಯಾಹ್ನ ಹೊರಸಿನ ಮೇಲೆ ಮಲಗಿ, ಫೋನನ್ನು ಎದೆಯ ಮೇಲಿಟ್ಟುಕೊಂಡು, ಕಾಳಿನ ಹಗೆಯಲ್ಲಿ ಕೈಯಿಟ್ಟವನಂತೆ ಸಿಕ್ಕಿದ್ದೊಂದನ್ನು ತೆಗೆಯುತ್ತೇನೆ. ಯಾರದೋ ಆರೋಗ್ಯದ ಸುದ್ದಿಯ ಹಿಂದೆ ರಾಯಬಾಗದ ಬಸ್‌ಸ್ಟ್ಯಾಂಡು ಎದ್ದು ನಿಲ್ಲುತ್ತದೆ; ಚಿಕ್ಕೋಡಿ, ಚಿಕ್ಕೋಡಿ, ಚಿಕ್ಕೋಡಿ ಎಂದು ಕಂಡಕ್ಟರನೊಬ್ಬ ಆ ಊರನ್ನು ಮಂತ್ರದಂತೆ ಜಪಿಸುತ್ತಾನೆ. ಅಣ್ಣಾಸಾಬನ ಭವಿಷ್ಯವಾಣಿಯ ಹಿಂದೆ, ಅವನ ಓಣಿಯಲ್ಲಿ ಚಪ್ಪಲಿ ಮಾಡುವವರು ಚರ್ಮ ಬಡಿಯುವ ಟಕ್ ಟಕ್ ಸದ್ದು. ಚಿಕ್ಕೋಡಿಯ ಕೋರ್ಟಿನ ಆವರಣದಿಂದ ಮಾತನಾಡಿದ ವಕೀಲರೊಬ್ಬರ ಹಿಂದೆ ಬೇವಿನ ಮರದ ಕಾಗೆಗಳು. ಅವುಗಳ ವಾದ ವಕೀಲರ ವಾದಕ್ಕಿಂತ ಸ್ಪಷ್ಟ. ಕಬ್ಬಿನ ಟ್ರ್ಯಾಕ್ಟರುಗಳು ಮರಾಠಿ ಹಾಡು ಹಚ್ಚಿಕೊಂಡು ಒಂದು ಮಾತಿನ ಈ ತುದಿಯಿಂದ ಆ ತುದಿಗೆ ಹಾದುಹೋಗುತ್ತವೆ. ಮಾತನಾಡಿದವರಿಗೆ ಇದಾವುದೂ ಗೊತ್ತಿಲ್ಲ. ತಾವು ಮದುವೆಯ ಸುದ್ದಿ ಹೇಳುತ್ತಿದ್ದೇವೆಂದುಕೊಂಡು ಅವರು ನನಗೆ ತಮ್ಮ ಊರನ್ನೇ ಕಳಿಸಿಕೊಟ್ಟಿದ್ದಾರೆ. ಸುಶೀಲೆಯ ಕರೆಗಳ ಹಿಂದೆ ಯಾವಾಗಲೂ ಹೊಳೆಯಿದೆ. ಹರಿಯುವ ಸದ್ದಲ್ಲ, ತುಂಬಿದ ಹೊಳೆ ಸದ್ದು ಮಾಡುವುದಿಲ್ಲ. ಉಳಿದ ಸದ್ದುಗಳೆಲ್ಲ ಅಲ್ಲಿಯವರೆಗೆ ಬಂದು ನಿಲ್ಲುತ್ತವೆ, ಅಷ್ಟೇ.

ಈಗ ಆ ಮನಸ್ತಾಪಕ್ಕೆ ಬರುತ್ತೇನೆ. ಅಕ್ಕ ತಂಗಿಯರು ಏಕೆ ಮಾತು ಬಿಟ್ಟರೆಂಬುದಕ್ಕೆ ಬಂಧುಬಳಗದಲ್ಲಿ ಒಂದು ಸಿದ್ಧ ಉತ್ತರವಿತ್ತು: ಸೀರೆ. ನಮ್ಮ ಮನೆಯ ಮದುವೆಯೊಂದರಲ್ಲಿ ಸುಶೀಲೆಗೆ ಉಡಿಸಿದ ಸೀರೆ ಕಮ್ಮಿ ದರ್ಜೆಯದಾಯಿತಂತೆ, ಅದಕ್ಕೆ ಸಿಟ್ಟಂತೆ. ಈ ವೃತ್ತಾಂತವನ್ನು ಕಾಗವಾಡದಲ್ಲಿ ಕೇಳಿದೆ, ಅಥಣಿಯಲ್ಲಿ ಕೇಳಿದೆ. ಸೀರೆಯ ಬಣ್ಣ ಊರಿಂದೂರಿಗೆ ಬದಲಾಗುತ್ತಿತ್ತು. ಚಂಪಾ ತಾನೂ ಅದನ್ನೇ ನಂಬಿದ್ದಳು. “ಸೊಕ್ಕ ಬಂದೈತಿ ಅಕಿಗೆ. ಫೋನ ಮಾಡಿದ್ರ ಹಾಂ ಹೂಂ ಅಂದ ಇಡ್ತಾಳ. ಪಂಚಮಿಗೂ ಬರ್ಲಿಲ್ಲ. ಒಂದ ಸೀರಿ ಸಲುವಾಗಿ ಒಡಹುಟ್ಟಿದಕಿನ ಬಿಟ್ಟಾಳ,” ಎಂದು ಹೇಳಿ, ಹೇಳಿದ ಮೇಲೆ ಸೆರಗಿನಿಂದ ಮೂಗೊರೆಸಿಕೊಳ್ಳುತ್ತಿದ್ದಳು. ನನಗೆ ಈ ಸೀರೆಯ ಕಥೆ ಪಾಂಡವರ ಗೌಂಡಿ ಕೆಲಸದಂತೆ ತೋರುತ್ತಿತ್ತು. ಎಲ್ಲ ಹೆಂಗಸರ ಎಲ್ಲ ಜಗಳಕ್ಕೂ ಸೀರೆಯೇ ಕಾರಣವೆಂದರೆ ಹುಡುಕುವ ಶ್ರಮ ಯಾರಿಗೂ ಇಲ್ಲ. ಸುಶೀಲೆಯನ್ನು ನಾನು ಬಲ್ಲೆ. ಹೊಸ ಸೀರೆಯನ್ನು ಎಮ್ಮೆ ಮೆದ್ದಾಗ, “ಅದಕ್ಕೂ ಹಬ್ಬ ಬ್ಯಾಡೇನ್ರಿ ದಾಜೀ?” ಎಂದು ನಕ್ಕವಳು ಅವಳು. ಗಡಿಯ ಈಚೆ ನಮ್ಮಲ್ಲಿ ಅಕ್ಕನ ಗಂಡನಿಗೆ ದಾಜಿ ಎನ್ನುತ್ತಾರೆ.

ಆದ್ದರಿಂದ ಆ ಮಧ್ಯಾಹ್ನ ಅವಳ ಕೊನೆಯ ದೀರ್ಘ ಕರೆಯನ್ನು ತೆಗೆದೆ. ಮುಂದಿನದನ್ನು ತಿಳಿಯಬೇಕಾದರೆ ನಮ್ಮ ಕಡೆಯ ಫೋನಿನ ಎರಡು ರೂಢಿಗಳನ್ನು ನೀವು ತಿಳಿಯಬೇಕು. ಒಂದು, ನಮ್ಮಲ್ಲಿ ಯಾರೂ ಮುಖ್ಯ ವಿಷಯವನ್ನು ಮೊದಲು ಹೇಳುವುದಿಲ್ಲ. ಊಟ, ಮಳೆ, ದನ, ಉಪ್ಪಿನಕಾಯಿ, ಪರರ ಮನೆಯ ಸೊಸೆ ಇವೆಲ್ಲ ಮುಗಿದು, ಮತ್ತೇನು ಎಂದು ಒಬ್ಬರು ಕೇಳಿ, ಮತ್ತೇನಿಲ್ಲ ಎಂದು ಇನ್ನೊಬ್ಬರು ಹೇಳಿ, ಇಡಲೇ, ಇಡು ಎಂದಾದ ಮೇಲೆ ಮಾತು ತನ್ನ ನಿಜವಾದ ಬಾಗಿಲಿಗೆ ಬರುತ್ತದೆ. ಏನನ್ನಾದರೂ ಕೇಳಲು ಬಂದವರು ಹೊರಟು ಹೊಸ್ತಿಲು ದಾಟುವಾಗಲೇ ಕೇಳುತ್ತಾರಲ್ಲ, ಹಾಗೆ. ಎರಡನೆಯದು ಚಂಪಾಳ ಸ್ವಂತದ್ದು, ಅವಳ ತವರಿನಿಂದ ಬಂದದ್ದು: ಒಡಹುಟ್ಟಿದವರ ಮಾತನ್ನು ತಾನಾಗಿ ಕಡಿಯಬಾರದು. ಕೆಂಪು ಗುಂಡಿಯನ್ನು ಅವಳು ಒತ್ತುವುದಿಲ್ಲ. ಇಡು ಎಂದು ಹೇಳಿ, ಫೋನನ್ನು ಕಿವಿಯಿಂದ ತೆಗೆದು, ಹಾಗೆಯೇ ನನ್ನ ಕೈಗೆ ಕೊಡುತ್ತಾಳೆ. ನಾನು ಜೇಬಿಗೆ ಹಾಕಿಕೊಳ್ಳುತ್ತೇನೆ. ಅತ್ತಲವರು ಕಡಿದುಕೊಳ್ಳಲಿ ಎಂಬುದು ಮರ್ಯಾದೆ. ಅತ್ತಲಿನವಳೂ ಅದೇ ತಾಯಿಯ ಮಗಳು ಎಂಬುದು ನಮಗೆ ಹೊಳೆದಿರಲಿಲ್ಲ.

ಕರೆಯಲ್ಲಿ ನಾಗರ ಪಂಚಮಿಯ ಉಂಡಿಯ ಮಾತಿತ್ತು. ಎಳ್ಳು ಹೆಚ್ಚಾದರೆ ಉಂಡಿ ಒಡೆಯುತ್ತದೆಯೋ ಬೆಲ್ಲ ಕಡಿಮೆಯಾದರೆ ಒಡೆಯುತ್ತದೆಯೋ ಎಂಬ ಚರ್ಚೆ ತೀರ್ಮಾನವಾಗದೆ ನಿಂತಿತು. ಮತ್ತೇನು, ಮತ್ತೇನಿಲ್ಲ ಆಯಿತು. ಇಡು ಬೇ ಎಂದಳು ಚಂಪಾ. ಆಮೇಲೆ ಬಟ್ಟೆ ಉಜ್ಜಿದ ಸದ್ದು. ನನ್ನ ಅಂಗಿಯ ಜೇಬು. ಇಲ್ಲಿಯೇ ನಿಲ್ಲಿಸಬೇಕೆಂದಿದ್ದೆ. ಆದರೆ ಸದ್ದು ಮುಂದುವರಿದಿತ್ತು. ದೂರದಲ್ಲಿ, ಬಾವಿಯೊಳಗಿಂದ ಬಂದಂತೆ, ಒಬ್ಬ ಗಂಡಸಿನ ಉಪನ್ಯಾಸ ನಡೆದಿತ್ತು. ಅವನು ನಾನು. ಕಟ್ಟೆಯ ಮೇಲೆ ಕುಳಿತ ನೆರೆಯ ಭರಮಣ್ಣನಿಗೆ ಇತಿಹಾಸ ಹೇಳುತ್ತಿದ್ದೆ. ಅದರ ಮೇಲೆ, ತೀರ ಹತ್ತಿರದಲ್ಲಿ, ಸುಶೀಲೆಯ ಧ್ವನಿ ಎದ್ದಿತು.

“ಅಕ್ಕಾ... ಇಟ್ಟಿಲ್ಲಲ್ಲ ಇನ್ನಾ? ಒಂದ ಮಾತ ಕೇಳೂದಿತ್ತು.”

“ಕೇಳೂದಂದ್ರ ಏನಂತ ತಿಳದಿ, ಭರಮಣ್ಣಾ? ಯಾರ ಏನ ಹೇಳಿದ್ರೂ ಪೂರ್ತಿ ಕೇಳಬೇಕ.”

“ಹೌದ್ರಿ, ಹೌದ್ರಿ.”

“ಹೊಳಿ ಏರಾಕತ್ತೈತಿ, ಅಕ್ಕಾ. ನಮ್ಮ ಚಿಂತಿ ಇಲ್ಲ, ಸಾಲ್ಯಾಗರ ಮಲಗ್ತೀವಿ. ಎಮ್ಮಿ ಗಬ್ಬ ಐತಿ, ದಿನಾ ತುಂಬ್ಯಾವ. ಅದನ್ನ ಕರ್ಕೊಂಡ ನಿನ್ನ ಕಡೆ ಬರ್ಲೇನು? ನಿಮ್ಮ ದನದ ಮನಿ ಖಾಲಿ ಐತೆಲ್ಲ.”

“ಅರ್ಧಾ ಕೇಳಿ ಎದ್ದ ಹೋಗೂದರಿಂದನ ಇತಿಹಾಸ ಕೆಟ್ಟೈತಿ, ನೋಡ.”

“ಖರೆ ಐತ್ರಿ.”

“ದಾಜಿ ಏನರ ಅಂತಾರೇನು?... ಅಕ್ಕಾ?”

ಬಟ್ಟೆಯ ಸದ್ದು. ಒಂದು ಸೀನು, ನನ್ನದೇ. ಆ ಕಡೆ ಎಲ್ಲ ಸದ್ದುಗಳೂ ಹೊಳೆಯವರೆಗೆ ಬಂದು ನಿಂತಿದ್ದವು. ಆಮೇಲೆ ಬಹಳ ಮೆಲ್ಲಗೆ:

“ಆತು ಬಿಡು.”

ಅಷ್ಟೇ. ಆ ಹೆಂಗಸು ತನ್ನ ಜೀವನದಲ್ಲಿ ಬಹುಶಃ ಒಂದೇ ಸಲ ಏನಾದರೊಂದನ್ನು ಕೇಳಿದ್ದಳು. ಅದನ್ನು ನನ್ನ ಎದೆಯ ಮೇಲಿನ ಜೇಬಿನೊಳಗೆ ಕುಳಿತು ಕೇಳಿದ್ದಳು. ನನ್ನ ಗಡಸು ಗೊಣಗು ಅವಳ ಕಿವಿಗೆ ಬಿದ್ದಿರಬೇಕು. ಅಕ್ಕ ಗಂಡನನ್ನು ಕೇಳಿದಳು, ಗಂಡ ಒಲ್ಲ ಎನ್ನುತ್ತಿದ್ದಾನೆ, ಅಕ್ಕ ಅದನ್ನು ಹೇಳಲಾರದೆ ಸುಮ್ಮನಿದ್ದಾಳೆ. ಅವಳ ಜಾಗದಲ್ಲಿ ಯಾರಿದ್ದರೂ ಹೀಗೆಯೇ ತಿಳಿಯುತ್ತಿದ್ದರು. ನಾನು ಹೊರಸಿನ ಮೇಲೆ ಎದ್ದು ಕುಳಿತೆ. ಅಡುಗೆಮನೆಯ ಬಾಗಿಲಲ್ಲಿ, ಹೆಸರುಕಾಳಿನ ಮೊರ ಹಿಡಿದುಕೊಂಡು ಚಂಪಾ ನಿಂತಿದ್ದಳು.

“ಏನ ಕೇಳಾಕತ್ತೀರಿ ಆಗಿಂದ? ಸುಶೀ ಧ್ವನಿ ಕೇಳಿದಂಗಾತು.”

“ಹಳೇದು. ಹೋದ ವರ್ಷದ್ದು.”

“ಹೆಂಗಸರ ಮಾತ ಕದ್ದ ಕೇಳ್ತೀರೇನ್ರಿ? ನಾಚಿಕಿ ಬರಂಗಿಲ್ಲ ನಿಮಗ?”

“ನನ್ನ ಫೋನಿನ್ಯಾಗಿಂದ ನಾ ಕೇಳಿದ್ರ ಕಳವ ಹೆಂಗಾಗ್ತೈತಿ?”

“ಫೋನ ನಿಮ್ಮದ. ಮಾತ ನಿಮ್ಮದಲ್ಲ.”

ಫೋನನ್ನು ಅವಳ ಕಡೆ ಹಿಡಿದು, ಕೊನೆಯ ಭಾಗವನ್ನು ಮತ್ತೆ ಹಚ್ಚಿದೆ. ಅವಳು ನಿಂತೇ ಕೇಳಿದಳು. ಮೊರ ಸ್ವಲ್ಪ ವಾಲಿ, ಕಾಳುಗಳು ಒಂದೊಂದಾಗಿ ನೆಲದ ಮೇಲೆ ಉದುರುತ್ತಿದ್ದವು. ಆತು ಬಿಡು ಎಂಬಲ್ಲಿಗೆ ಬಂದಾಗ ಅವಳು ಅಲ್ಲಿಯೇ ಹೊಸ್ತಿಲ ಮೇಲೆ ಕುಳಿತುಕೊಂಡಳು.

“ನಾ ಕೇಳಲೇ ಇಲ್ಲರಿ ಇದನ್ನ,” ಎಂದಳು. “ನಾ ಉಂಡಿ ಕಟ್ಟಾಕ ಒಳಗ ಹೋಗಿದ್ದೆ.”

ನನ್ನೊಳಗಿನ ಸಂಶೋಧಕ ಇಂಥ ಹೊತ್ತಿನಲ್ಲಿಯೂ ಸತ್ತಿರಲಿಲ್ಲ. “ಸೀರಿ ಅಲ್ಲ, ನೋಡು. ನಾ ಮೊದಲ ಹೇಳಿದ್ದೆ. ಇದನ್ನ ಹಿಂಗ ಅಕಿಗೆ ಕಳಿಸಿಬಿಡೂಣು. ಸಾಕ್ಷಿ ಐತಿ. ಅಕಿನೂ ಕೇಳಲಿ, ಮಂದೀನೂ ಕೇಳಲಿ,” ಎಂದೆ.

ಚಂಪಾ ತಲೆಯೆತ್ತಿ ನನ್ನನ್ನು ನೋಡಿದಳು.

“ತಂಗಿ ಮನಿಗೆ ಯಾರರ ಸಾಕ್ಷಿ ತಗೊಂಡ ಹೋಗ್ತಾರೇನ್ರಿ? ಅಕಿ ಒಂದ ಮಾತ ಕೇಳ್ಯಾಳ. ನಾ ಹೇಳಬೇಕು. ಅಷ್ಟ ಐತಿ. ಅಕಿಗೆ ಫೋನ ಹಚ್ಚಿ ಕೊಡ್ರಿ.”

ಹಚ್ಚಿಕೊಟ್ಟೆ. ಅತ್ತ ಗಂಟೆ ಬಹಳ ಹೊತ್ತು ಬಾರಿಸಿತು. ಇನ್ನು ಎತ್ತುವುದಿಲ್ಲವೆಂದುಕೊಳ್ಳುವಷ್ಟರಲ್ಲಿ ಒಂದು ಹಾಂ ಬಂತು. ಯಾರೆಂದು ತಿಳಿದು, ತಿಳಿಯದಂತೆ ಎಂದ ಹಾಂ. ಧ್ವನಿ ಇಬ್ಬರಿಗೂ ಕೇಳುವಂತೆ ಫೋನು ಗಟ್ಟಿಯಾಗಿತ್ತು. ಚಂಪಾ ಊಟ ಕೇಳಲಿಲ್ಲ, ಮಳೆ ಕೇಳಲಿಲ್ಲ.

“ಸುಶೀ, ಬಾ ಬೇ. ಎಮ್ಮಿ ತಗೊಂಡ ಬಾ.”

ಕರೆ ಕಡಿಯಿತೇನೋ ಎಂದು ನಾನು ಬಗ್ಗಿ ನೋಡಿದೆ; ಕಡಿದಿರಲಿಲ್ಲ.

“ಯಾವ ಎಮ್ಮಿ, ಅಕ್ಕಾ?”

“ನೀ ಕೇಳಿದ್ದೆಲ್ಲ, ಗಬ್ಬದ್ದು. ನೀ ಕೇಳಿದ್ದ ಮಾತ ನನಗ ಇವತ್ತ ಮುಟ್ಟೈತಿ ಬೇ. ಇವರ ಅಂಗಿ ಕಿಸೆದಾಗ ಉಳದಿತ್ತು.”

ಹೊಳೆಯ ದಂಡೆಯಲ್ಲಿ ಒಂದು ಮೋಟಾರು ಸೈಕಲ್ಲು ಹಾದುಹೋಗಿ, ಅದರ ಸದ್ದು ನೀರಿನವರೆಗೆ ಹೋಗಿ ಮುಗಿಯಿತು.

“ಅದ ಈದ ವರ್ಷಾತು,” ಎಂದಳು ಸುಶೀಲೆ. “ಡಾಂಬರ ರಸ್ತಾದ ಮ್ಯಾಲ, ತಾಡಪತ್ರಿ ಕೆಳಗ ಈದಿತ. ಮಳಿ ಭಾಳ ಇತ್ತು. ಹೆಣ್ಣ ಕರಾ ಐತಿ. ಈಗ ಎರಡ ಅದಾವ.”

“ಎರಡೂ ತಗೊಂಡ ಬಾ.”

“ದಾಜೀನ್ನ ಕೇಳಿ ಹೇಳ.”

“ಅವರನ್ನೇನ ಕೇಳೂದು? ಅವತ್ತ ಅವರ ಗೊಣಗಿದ್ದ ನಿನಗಲ್ಲ ಬೇ, ಭರಮಣ್ಣಗ. ಏನೋ ಇತಿಹಾಸ ಅಂತ.”

“ನಾ ಅವತ್ತ ಬೈದೀನಿ ದಾಜೀಗ,” ಎಂದಳು ಸುಶೀಲೆ. “ಬಾಯ್ತುಂಬ ಬೈದೀನಿ. ಎಮ್ಮಿ ಮುಂದ.”

“ಇಲ್ಲಿ ಬಂದ ಇನ್ನೊಮ್ಮೆ ಬೈ. ಇಲ್ಲೇ ಕುಂತಾರ.”

ಸ್ಥಳವಿಲ್ಲದ್ದರಿಂದ ನನ್ನ ಫೋನು ಈ ಸಂಭಾಷಣೆಯನ್ನು ಮುದ್ರಿಸಿಕೊಂಡಿಲ್ಲ. ಆದ್ದರಿಂದ ಇದನ್ನು ನೀವು ನನ್ನ ಬಾಯಿಮಾತಿನಿಂದಲೇ ನಂಬಬೇಕಾಗಿದೆ. ಇಂಥ ಸ್ಥಿತಿಗೆ ನಾನು ಬರುತ್ತೇನೆಂದು ತಿಳಿದಿರಲಿಲ್ಲ. ಬೇಕಾದರೆ ಸಂಶಯಪಡಿರಿ, ಸಂಶಯಪಡುವವರನ್ನು ನಾನು ಎಂದೂ ದೂರಿದವನಲ್ಲ.

ಮರುದಿನ ಮುಂಜಾನೆ ಟೆಂಪೋ ಮಾಡಿಕೊಂಡು ಬರುತ್ತೇನೆಂದು ಸುಶೀಲೆ ಹೇಳಿದಳು. ಅಕ್ಕ ತಂಗಿಯರು ಇನ್ನೂ ಮಾತನಾಡುತ್ತಿದ್ದಂತೆ ನಾನು ಹಿತ್ತಲಿಗೆ ಹೋದೆ. ದನದ ಮನೆ ಖಾಲಿ ಇದೆಯೆಂದು ಸುಶೀಲೆ ತಿಳಿದಿದ್ದಳು, ಇರಲಿಲ್ಲ. ಎತ್ತುಗಳನ್ನು ಮಾರಿದ ಮೇಲೆ ಅಲ್ಲಿ ನಾನು ಹಳೆಯ ಪತ್ರಿಕೆಗಳ ಗಂಟುಗಳನ್ನು, ಎಂದಾದರೊಂದು ದಿನ ತಾಳೆ ನೋಡುವೆನೆಂದು, ಮಾಡಿನವರೆಗೆ ಒಟ್ಟಿದ್ದೆ. ಒಂದೊಂದನ್ನೇ ಎತ್ತಿ ಹೊರಗಿನ ಚಪ್ಪರದ ಕೆಳಗೆ ಸಾಗಿಸಿದೆ. ಕೆಲವಕ್ಕೆ ಗೆದ್ದಲು ಹಿಡಿದಿತ್ತು. ಮೇವು ಹಾಕುವ ಗೋದಲಿಯನ್ನು ಬಳಿದು, ತೊಳೆದು, ನೆಲಕ್ಕೆ ಒಣಹುಲ್ಲು ಹಾಸಿದೆ. ಹಳೆಯ ಗೂಟ ಕೈಯಿಟ್ಟರೆ ಮುರಿಯಿತು. ಜಾಲಿಯ ಎರಡು ಗೂಟಗಳನ್ನು ಕೆತ್ತಿ, ಒಂದನ್ನು ಗೋದಲಿಯ ಈ ತುದಿಗೆ, ಇನ್ನೊಂದನ್ನು ಆ ತುದಿಗೆ, ಒಪ್ಪವಾಗಿ ಬಡಿದು ನಿಲ್ಲಿಸಿದೆ.

ಚಂಪಾ ಬಂದು ಬಾಗಿಲಲ್ಲಿ ನಿಂತು ನೋಡಿದಳು.

“ಅಷ್ಟ ದೂರ ಯಾಕ ಬಡದೀರಿ? ರಾತ್ರಿಯೆಲ್ಲಾ ಒಂದಕ್ಕೊಂದ ಒದರ್ತಾವ.”

ಎರಡನೆಯ ಗೂಟವನ್ನು ಕಿತ್ತು, ಮೂಗಿಗೆ ಮೂಗು ತಾಗುವಷ್ಟು ಹತ್ತಿರಕ್ಕೆ ತಂದು ಬಡಿದೆ.